ಶಿವಮೊಗ್ಗದ ಚರ್ಚುಗಳಲ್ಲಿ ಹೊಸಬರನ್ನು ಹೇಗೆ ನೋಡುತ್ತಾರೆ? ಮೊದಲ ಸಲ ಹೋಗುವವರು ಏನು ತಿಳಿದಿರಬೇಕು?

ಒಳಗೆ ಬಿಡುತ್ತಾರಾ ಎಂಬುದು ನಿಮ್ಮ ಮೊದಲ ಪ್ರಶ್ನೆ. ಬಿಡುತ್ತಾರೆ. ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಎಲ್ಲೇ ಆಗಲಿ, ಭಾನುವಾರದ ಆರಾಧನೆಗೆ ಬಾಗಿಲಲ್ಲಿ ಜಾತಿ ಧರ್ಮ ಕೇಳುವ ಪದ್ಧತಿ ಇಲ್ಲ. ಕೆಲಸಕ್ಕೆಂದು ಊರಿಗೆ ಹೊಸದಾಗಿ ಬಂದಿದ್ದೀರಿ, ಕ್ರೈಸ್ತರಲ್ಲ, ಒಂದು ಭಾನುವಾರ ಹೋಗಿ ಕೂತು ನೋಡಬೇಕೆಂದಿದ್ದೀರಿ. ಯಾರೂ ಮಾತಾಡಿಸದಿದ್ದರೆ ಎಂಬ ಅಳುಕು ಒಂದು ಕಡೆ, ಎಲ್ಲರೂ ಸುತ್ತುವರಿದು ಮತಾಂತರದ ಮಾತು ತೆಗೆದರೆ ಎಂಬ ಅಳುಕು ಇನ್ನೊಂದು ಕಡೆ ಎಂದೂ ಬರೆದಿದ್ದೀರಿ. ಯಾವ ಚರ್ಚಿಗೆ ಹೋಗುತ್ತೀರಿ ಎಂಬುದರ ಮೇಲೆ ಇದು ನಿಂತಿದೆ. ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಕೂರಿಸುವ ಕೆಲಸ ಮಾಡುವವನಾಗಿ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಇಲ್ಲಿ ಮುಖ್ಯವಾಗಿ ಮೂರು ಬಗೆ. ಕಥೋಲಿಕ ಚರ್ಚುಗಳು ಒಂದು. ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) 1988ರಲ್ಲಿ ಆಯಿತು, ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯ ಅದರ ಕೇಂದ್ರ. ಎರಡನೆಯದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮುಂತಾದ ಪ್ರಾಟೆಸ್ಟಂಟ್ ಸಭೆಗಳು. ಮೂರನೆಯದು ಪೆಂತೆಕೋಸ್ತ್ ಸಭೆಗಳು, ಎಷ್ಟೋ ಕಡೆ ಬಾಡಿಗೆ ಹಾಲ್‌ನಲ್ಲಿ ನಡೆಯುವಂಥವು. ಇದಲ್ಲದೆ ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದವರ ಸೀರೋ ಮಲಬಾರ್ (ಕೇರಳದ ಕಥೋಲಿಕ ಪಂಗಡ) ಚರ್ಚುಗಳಿವೆ. ಅವರಿಗೆ 2007ರಿಂದ ಭದ್ರಾವತಿ ಧರ್ಮಕ್ಷೇತ್ರವೇ ಬೇರೆ ಇದೆ, ಪೂಜೆ ಹೆಚ್ಚಾಗಿ ಮಲಯಾಳದಲ್ಲಿ.

ಮೊದಲ ಭೇಟಿಗೆ ನಾನು ಕಥೋಲಿಕ ಅಥವಾ ಸಿ.ಎಸ್.ಐ. ಚರ್ಚನ್ನೇ ಹೇಳುತ್ತೇನೆ. ಅಲ್ಲಿ ಸುಮ್ಮನೆ ಕೂತು ನೋಡಲು ಬಿಡುತ್ತಾರೆ. ಕಥೋಲಿಕ ಬಲಿಪೂಜೆ (ಮಾಸ್) ಸುಮಾರು ಒಂದು ಗಂಟೆ, ಸಿ.ಎಸ್.ಐ. ಆರಾಧನೆ ಒಂದೂವರೆ ಗಂಟೆ, ಪೆಂತೆಕೋಸ್ತ್ ಸಭೆ ಎರಡೂವರೆ ಮೂರು ಗಂಟೆಯೂ ಆಗಬಹುದು. ದೊಡ್ಡ ಚರ್ಚುಗಳಲ್ಲಿ ಭಾನುವಾರ ಒಂದಕ್ಕಿಂತ ಹೆಚ್ಚು ಪೂಜೆ ಇರುತ್ತವೆ. ಒಂದು ಕನ್ನಡದಲ್ಲಿದ್ದರೆ ಇನ್ನೊಂದು ಕೊಂಕಣಿ, ಇಂಗ್ಲಿಷ್ ಅಥವಾ ತಮಿಳಿನಲ್ಲಿ ಇರಬಹುದು. ವೇಳೆ ಮತ್ತು ಭಾಷೆ ಗೇಟಿನ ಬಳಿಯ ಫಲಕದಲ್ಲಿರುತ್ತದೆ, ಶನಿವಾರವೇ ನೋಡಿಕೊಳ್ಳಿ. ಇದನ್ನು ನೋಡದೆ ಬಂದವರು ಭಾಷೆ ತಿಳಿಯದೆ ಒಂದು ಗಂಟೆ ಕೂತು, ತಮ್ಮನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದುಕೊಂಡು ಹೋಗುತ್ತಾರೆ.

ಹದಿನೈದು ನಿಮಿಷ ಮೊದಲೇ ಬನ್ನಿ. ಚಪ್ಪಲಿ ವಿಷಯದಲ್ಲಿ ಒಂದೇ ನಿಯಮವಿಲ್ಲ. ಪಟ್ಟಣದ ಚರ್ಚುಗಳಲ್ಲಿ ಸಾಮಾನ್ಯವಾಗಿ ಹಾಕಿಕೊಂಡೇ ಒಳಗೆ ಹೋಗುತ್ತಾರೆ, ಹಳ್ಳಿಗಳಲ್ಲೂ ಚಾಪೆ ಹಾಸಿ ಕೂರುವ ಸಭೆಗಳಲ್ಲೂ ಹೊರಗೆ ಬಿಡುತ್ತಾರೆ. ಬಾಗಿಲಲ್ಲಿ ಚಪ್ಪಲಿ ರಾಶಿ ಇದೆಯೇ ನೋಡಿದರೆ ಸಾಕು. ಹೆಂಗಸರಾದರೆ ಒಂದು ದುಪಟ್ಟಾ ಇಟ್ಟುಕೊಳ್ಳಿ. ಕೆಲವು ಸಭೆಗಳಲ್ಲಿ ಪ್ರಾರ್ಥನೆಗೆ ತಲೆ ಮುಚ್ಚಿಕೊಳ್ಳುತ್ತಾರೆ, ಹಳೆಯ ಚರ್ಚುಗಳಲ್ಲಿ ಗಂಡಸರು ಹೆಂಗಸರು ಬೇರೆ ಬೇರೆ ಬದಿಯಲ್ಲಿ ಕೂರುವುದೂ ಉಂಟು. ಕಥೋಲಿಕ ಚರ್ಚಿನ ಬಾಗಿಲ ಬಳಿ ಚಿಕ್ಕ ಬಟ್ಟಲಲ್ಲಿ ಪವಿತ್ರ ಜಲ ಇರುತ್ತದೆ. ಅದು ಬೆರಳದ್ದಿ ಶಿಲುಬೆ ಗುರುತು ಹಾಕಿಕೊಳ್ಳಲಿಕ್ಕೆ, ಕುಡಿಯುವುದಕ್ಕಲ್ಲ. ನೀವು ಮುಟ್ಟದೆ ಹೋದರೂ ತಪ್ಪಿಲ್ಲ.

ಎಲ್ಲಿ ಕೂರಬೇಕು ಎಂದು ಕೇಳಿದ್ದೀರಿ. ಮಧ್ಯದ ಸಾಲುಗಳಲ್ಲಿ, ನಡುದಾರಿಯಿಂದ ದೂರದ ಬೆಂಚಿನ ತುದಿಯಲ್ಲಿ. ಮುಂದೆ ಕೂತರೆ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ನೋಡಿಕೊಳ್ಳಲು ಎದುರಿಗೆ ಯಾರೂ ಇರುವುದಿಲ್ಲ. ತೀರ ಹಿಂದಿನ ಬೆಂಚು ತಡವಾಗಿ ಬಂದು ಬೇಗ ಹೋಗುವವರದ್ದು, ಅಲ್ಲಿ ಕೂತರೆ ಯಾರ ಪರಿಚಯವೂ ಆಗುವುದಿಲ್ಲ. ನಡುದಾರಿಯ ಪಕ್ಕದ ತುದಿ ಬೇಡ ಎನ್ನುವುದಕ್ಕೆ ಕಾರಣ ಪರಮಪ್ರಸಾದದ, ಅಂದರೆ ಪಾದ್ರಿ ಹಂಚುವ ಪವಿತ್ರ ರೊಟ್ಟಿಯ, ಸಾಲು.

ಹೊಸಬರು ಎಡವುವುದು ಅಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಥೋಲಿಕ ಪೂಜೆಯ ಮೊದಲ ಭಾಗ ಬೈಬಲ್ ವಾಚನಗಳು, ಕೀರ್ತನೆ, ಶುಭಸಂದೇಶ (ಯೇಸುವಿನ ಜೀವನದ ಭಾಗದ ಓದು), ಗುರುಗಳ, ಅಂದರೆ ಪಾದ್ರಿಯ, ಪ್ರಬೋಧನೆ. ಆಮೇಲೆ ಕಾಣಿಕೆ ಚೀಲ ಬರುತ್ತದೆ. ಹತ್ತು ಇಪ್ಪತ್ತು ರೂಪಾಯಿ ಹಾಕಿ, ಅಥವಾ ಹಾಗೇ ಪಕ್ಕದವರಿಗೆ ದಾಟಿಸಿ, ಯಾರೂ ನೋಡುವುದಿಲ್ಲ. ಮುಂದೆ ಗಂಟೆಯ ಸದ್ದಿಗೆ ಎಲ್ಲರೂ ಮಂಡಿಯೂರುತ್ತಾರೆ, ನೀವು ಕೂತಿದ್ದರೆ ಸಾಕು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಆದ ಮೇಲೆ ಒಬ್ಬರಿಗೊಬ್ಬರು ಶಾಂತಿ ಕೋರುವಂತೆ ಗುರುಗಳು ಹೇಳುತ್ತಾರೆ. ಆಗ ಪಕ್ಕದವರು, ಮುಂದಿನವರು, ಹಿಂದಿನವರು ನಿಮ್ಮತ್ತ ತಿರುಗಿ ಕೈಮುಗಿಯುತ್ತಾರೆ. ನೀವೂ ಕೈಮುಗಿಯಿರಿ. ಅದಾಗಿ ಸ್ವಲ್ಪ ಹೊತ್ತಿಗೆ ಸಾಲು ಸಾಲಾಗಿ ಜನ ಎದ್ದು ಮುಂದೆ ಹೋಗುತ್ತಾರೆ. ನೀವು ಏಳಬೇಡಿ, ಕಾಲು ಓರೆ ಮಾಡಿ ಬೇರೆಯವರಿಗೆ ದಾರಿ ಕೊಡಿ. ದೇವಸ್ಥಾನದಲ್ಲಿ ಕೈಚಾಚಿದವರಿಗೆಲ್ಲ ಪ್ರಸಾದ ಸಿಗುತ್ತದೆ, ಇಲ್ಲಿ ಹಾಗಲ್ಲ. ಸ್ನಾನದೀಕ್ಷೆ (ಬ್ಯಾಪ್ಟಿಸಂ) ಪಡೆದು, ಕಲಿತು, ಮೊದಲ ಪರಮಪ್ರಸಾದ ಸ್ವೀಕರಿಸಿದ ಕಥೋಲಿಕರಿಗೆ ಮಾತ್ರ ಅದು, ಅವರೂ ಅದಕ್ಕೆ ಮೊದಲಿನ ಒಂದು ಗಂಟೆ ಏನೂ ತಿನ್ನದೆ ಇರಬೇಕು. ಅದು ಕ್ರಿಸ್ತನ ಶರೀರ ಎಂಬುದು ಅವರ ನಂಬಿಕೆ. ಆ ತೆಳು ರೊಟ್ಟಿಯನ್ನು ಯಾರಾದರೂ ಕೈಯಲ್ಲಿ ಹಿಡಿದುಕೊಂಡು ಬೆಂಚಿಗೆ ಬಂದರೆ, ಜೇಬಿಗೆ ಹಾಕಿಕೊಂಡರೆ, ಗುರುಗಳೋ ಸಿಸ್ಟರೋ ಹಿಂದೆಯೇ ಬಂದು ಕೇಳುತ್ತಾರೆ. ಗೊತ್ತಿಲ್ಲದವರಿಗೆ ಇದು ಅವಮಾನ ಅನಿಸುತ್ತದೆ. ಸಿ.ಎಸ್.ಐ.ನಲ್ಲೂ ಕರ್ತನ ಭೋಜನ (ಅವರ ಪರಮಪ್ರಸಾದ) ದೀಕ್ಷೆ ಪಡೆದ ಕ್ರೈಸ್ತರಿಗೆ, ಅದೂ ಪ್ರತಿ ವಾರ ಇರಬೇಕೆಂದಿಲ್ಲ. ಅದಿಲ್ಲದ ಭಾನುವಾರ ಹೋದರೆ ನಿಮಗೆ ಈ ಗೊಂದಲವೇ ಇರುವುದಿಲ್ಲ.

ಇನ್ನು ಯಾರೂ ಮಾತಾಡಿಸುವುದಿಲ್ಲ ಎಂಬ ದೂರು. ಅದು ನಿಜ, ನನಗೆ ಬೇಸರ ತರುವ ಸಂಗತಿಯೂ ಹೌದು. ಕಾರಣಗಳಿವೆ. ಧರ್ಮಕೇಂದ್ರ (ಒಂದು ಚರ್ಚಿಗೆ ಸೇರಿದ ಪ್ರದೇಶ) ದೊಡ್ಡದು, ಪೂಜೆಗಳು ಹಲವು, ಗುರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಹೀಗಾಗಿ ಮುಖ ನೋಡಿ ಇವರು ಹೊಸಬರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕೊಂಕಣಿ ಮಾತಾಡುವವರು ಒಂದು ಗುಂಪು, ತಮಿಳು ಮಾತಾಡುವವರು ಇನ್ನೊಂದು ಗುಂಪಾಗಿ ನಿಲ್ಲುತ್ತಾರೆ. ನೀವೇ ಹೋಗಿ ಕನ್ನಡದಲ್ಲಿ ಒಂದು ಮಾತು ಕೇಳಿದರೆ ಎಲ್ಲರೂ ಕನ್ನಡಕ್ಕೆ ತಿರುಗುತ್ತಾರೆ. ಮೂರನೆಯ ಕಾರಣ ಭಯ. ಮತಾಂತರದ ಆರೋಪ ಬಂದೀತು ಎಂದು ಎಷ್ಟೋ ಸಭೆಗಳು, ಅದರಲ್ಲೂ ಚಿಕ್ಕವು, ಅಪರಿಚಿತರ ಜೊತೆ ತಾವಾಗಿ ಮಾತು ಶುರು ಮಾಡುವುದಿಲ್ಲ. ‘ಯಾಕೆ ಬಂದಿರಿ’ ಎಂದು ಕೇಳಿದರೆ ಅದರ ಹಿಂದೆ ಇರುವುದು ಈ ಅಳುಕು. ‘ಊರಿಗೆ ಹೊಸಬ, ಆರಾಧನೆ ನೋಡಲು ಬಂದೆ’ ಎಂದು ನೇರವಾಗಿ ಹೇಳಿ. ಫೋನ್ ಹೊರಗೆ ತೆಗೆಯಬೇಡಿ. ಆರಾಧನೆಯ ನಡುವೆ ಅಪರಿಚಿತರು ವಿಡಿಯೊ ಮಾಡಿದರೆ ಇಡೀ ಸಭೆಯೇ ಹೆದರುತ್ತದೆ.

ಆದರೆ ‘ಯಾರ ಕಡೆಯವರು, ಯಾವ ಮನೆ’ ಎಂದು ಕೆದಕುವುದನ್ನು ನಾನು ಸಮರ್ಥಿಸುವುದಿಲ್ಲ. ನಮ್ಮ ಕಡೆ ಅದು ಜಾತಿ ತಿಳಿಯುವ ದಾರಿ, ಚರ್ಚಿನ ಒಳಗೂ ಅದು ಉಳಿದುಕೊಂಡಿದೆ. ಉತ್ತರ ಕೊಡಬೇಕಾದ ಹಂಗು ನಿಮಗಿಲ್ಲ.

ಮಾತಾಡಿಸಬೇಕಾದವರು ಯಾರು ಎಂದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಪೂಜೆ ಮುಗಿದ ಕೂಡಲೇ ಗುರುಗಳನ್ನು ಹಿಡಿಯಬೇಡಿ, ಅವರ ಸುತ್ತ ಸರ್ಟಿಫಿಕೇಟ್, ಪೂಜೆ ಬರೆಸುವುದು ಎಂದು ಜನ ಇರುತ್ತಾರೆ. ಕಥೋಲಿಕರಲ್ಲಿ ಧರ್ಮಕೇಂದ್ರವನ್ನು ವಾರ್ಡುಗಳಾಗಿ ವಿಂಗಡಿಸಿರುತ್ತಾರೆ, ಒಂದೊಂದಕ್ಕೂ ಒಬ್ಬ ಮುಖಂಡರು. ಕೊಂಕಣಿಯವರು ಅವರನ್ನು ಗುರ್ಕಾರ್ ಎನ್ನುತ್ತಾರೆ. ನೀವಿರುವ ಬಡಾವಣೆಯ ಹೆಸರು ಹೇಳಿ ಆ ವಾರ್ಡಿನ ಗುರ್ಕಾರ್ ಯಾರು ಎಂದು ಕೇಳಿ. ಮನೆಮನೆಗಳಲ್ಲಿ ನಡೆಯುವ ವಾರ್ಡಿನ ಪ್ರಾರ್ಥನೆ ಕೂಟದಲ್ಲಿ ಸಿಗುವ ಪರಿಚಯ ಬೆಂಚಿನಲ್ಲಿ ವರ್ಷ ಕೂತರೂ ಸಿಗುವುದಿಲ್ಲ. ಸಿ.ಎಸ್.ಐ.ನಲ್ಲಿ ಸಭೆಯ ಹಿರಿಯರನ್ನೋ ಸ್ತ್ರೀಯರ ಅನ್ಯೋನ್ಯ ಕೂಟದವರನ್ನೋ ಕೇಳಿ.

ಪೆಂತೆಕೋಸ್ತ್ ಸಭೆಗಳಲ್ಲಿ ಇದರ ತಿರುವುಮುರುವು. ಬಾಗಿಲಲ್ಲೇ ಕೈಹಿಡಿದು ಮಾತಾಡಿಸುತ್ತಾರೆ, ನಡುವೆ ಹೊಸದಾಗಿ ಬಂದವರು ಎದ್ದು ನಿಲ್ಲಿ ಎನ್ನುತ್ತಾರೆ, ಹೆಸರು ಮತ್ತು ಫೋನ್ ನಂಬರ್ ಬರೆದುಕೊಳ್ಳುತ್ತಾರೆ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬಹುದೇ ಎಂದು ಕೇಳುತ್ತಾರೆ. ಬಂದವರ ಕಷ್ಟ ಕೇಳುವ ಮನಸ್ಸು ಅವರಲ್ಲಿ ನಿಜವಾಗಿ ಇದೆ, ಅದನ್ನು ದೊಡ್ಡ ಚರ್ಚುಗಳು ಕಲಿಯಬೇಕು. ಆದರೆ ನಿಮಗೆ ಮುಜುಗರವಾದರೆ ‘ಬೇಡ ಪಾಸ್ಟರ್, ಇವತ್ತು ಕೂತು ಕೇಳುತ್ತೇನೆ’ ಎಂದರೆ ಸಾಕು. ನಂಬರ್ ಕೊಡುವುದು ಕಡ್ಡಾಯವಲ್ಲ.

ಯಾವ ಭಾನುವಾರ? ಕ್ರಿಸ್ಮಸ್ ಬೇಡ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ) ನೋಡಲು ಊರೇ ಬರುತ್ತದೆ, ಮಾತಿಗೆ ಯಾರೂ ಸಿಗುವುದಿಲ್ಲ. ಶುಭ ಶುಕ್ರವಾರ ಶೋಕದ ದಿನ, ಅಂದು ಬಲಿಪೂಜೆಯೇ ಇಲ್ಲ. ಪರಿಚಯಕ್ಕೆ ಮಳೆಗಾಲದ ಸಾದಾ ಭಾನುವಾರವೇ ಒಳ್ಳೆಯದು, ಮಳೆ ನಿಲ್ಲುವವರೆಗೆ ಎಲ್ಲರೂ ಜಗಲಿಯಲ್ಲೇ ನಿಂತಿರುತ್ತಾರೆ. ಹಬ್ಬವೇ ಬೇಕೆಂದರೆ ಸೆಪ್ಟೆಂಬರ್ 8ರ ಕಥೋಲಿಕರ ತೆನೆಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಹಾಕುತ್ತಾರೆ, ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುತ್ತಾರೆ. ಸಿ.ಎಸ್.ಐ.ನವರ ಸುಗ್ಗಿ ಹಬ್ಬವೂ ಹಾಗೆಯೇ. ತೋಟದ ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ ತಂದು ಹರಾಜು ಹಾಕುತ್ತಾರೆ, ಕೂಗಿ ಒಂದು ಗೊನೆ ಹಿಡಿದರೆ ಸಭೆಯ ಅರ್ಧ ಜನರ ಪರಿಚಯ ಆಗಿಬಿಡುತ್ತದೆ.

ಕಾಫಿ ತೋಟಗಳ ಕಡೆ, ಘಟ್ಟದ ಹಳ್ಳಿಗಳ ಕಡೆ ಹೋಗುವುದಾದರೆ ಮೊದಲು ಫೋನ್ ಮಾಡಿ. ಒಬ್ಬರೇ ಗುರುಗಳು ಹಲವು ಉಪಕೇಂದ್ರಗಳನ್ನು ನೋಡಿಕೊಳ್ಳುವ ಕಡೆ ಪ್ರತಿ ಭಾನುವಾರ ಪೂಜೆ ಇರುವುದಿಲ್ಲ.

ಮುಂದೆ ಎಂದಾದರೂ ಸೇರುವ ಮನಸ್ಸಾದರೆ ಅವಸರ ಬೇಡ. ಕಥೋಲಿಕರಲ್ಲಿ ದೊಡ್ಡವರಿಗೆ ತಿಂಗಳುಗಟ್ಟಲೆ ಬೋಧನೆ ಆದ ಮೇಲೆ, ಸಾಮಾನ್ಯವಾಗಿ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ರಾತ್ರಿ ಸ್ನಾನದೀಕ್ಷೆ. ಬಂದ ವಾರವೇ ನೀರಿಗಿಳಿಸಲು ಹೊರಟವರಿಂದ ದೂರ ಇರಿ. ಕಾನೂನಿನ ವಿಷಯವೂ ಇದೆ. 2022ರ ಕರ್ನಾಟಕದ ಮತಾಂತರ ಸಂಬಂಧಿ ಕಾಯ್ದೆ, ಮತ ಬದಲಿಸುವವರೂ ಮಾಡಿಸುವವರೂ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದಿತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಆ ಹೆಜ್ಜೆ ಇಡುವ ಮೊದಲು ಸದ್ಯದ ಸ್ಥಿತಿಯನ್ನು ವಕೀಲರಲ್ಲಿ ಕೇಳಿ. ಆರಾಧನೆಯಲ್ಲಿ ಕೂತು ಬರುವುದು ಮತಾಂತರವಲ್ಲ, ಅದಕ್ಕೆ ಯಾರ ಅನುಮತಿಯೂ ಬೇಡ.

ಒಂದೇ ಭೇಟಿಯಲ್ಲಿ ತೀರ್ಮಾನಿಸಬೇಡಿ. ಅದೇ ಚರ್ಚಿಗೆ, ಅದೇ ವೇಳೆಯ ಪೂಜೆಗೆ, ಅದೇ ಬೆಂಚಿಗೆ ಮೂರು ನಾಲ್ಕು ವಾರ ಹೋಗಿ. ಒಂದೇ ಪೂಜೆಗೆ ಬರುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ಕೂರುತ್ತಾರೆ, ಆದ್ದರಿಂದ ಎರಡನೇ ವಾರಕ್ಕೇ ಪಕ್ಕದವರು ಗುರುತು ಹಿಡಿಯುತ್ತಾರೆ.