ದಿನಾ ಧ್ಯಾನ ಮಾಡ್ತೀನಿ, ಟ್ಯಾಕ್ಸ್ ಕಟ್ಟುವಾಗ ಮಾತ್ರ ಯಾಕೆ ಈ ಉರಿ?

ಪ್ರಶ್ನೆ: ನಾನು ಸ್ವಂತವಾಗಿ ಡಿಸೈನ್ ಕೆಲಸ ಮಾಡುತ್ತೇನೆ. ದಿನಾ ಬೆಳಿಗ್ಗೆ ಮೈಂಡ್‌ಫುಲ್‌ನೆಸ್ ಧ್ಯಾನಕ್ಕೆ (ಉಸಿರು, ಮೈ, ಮನಸ್ಸಿನಲ್ಲಿ ಆಗುವುದನ್ನು ಸುಮ್ಮನೆ ಗಮನಿಸುವುದಕ್ಕೆ) ಕೂರುತ್ತೇನೆ, ಸಿಟ್ಟೂ ಎಷ್ಟೋ ಕಡಿಮೆಯಾಗಿದೆ. ಆದರೆ ರಿಟರ್ನ್ಸ್ ಸಲ್ಲಿಸುವ ಹೊತ್ತು ಬಂದರೆ ಸಾಕು, ಮೈಯೆಲ್ಲ ಉರಿಯುತ್ತದೆ. ನಗದಾಗಿ ಬಂದ ಒಂದೆರಡು ಪೇಮೆಂಟ್ ತೋರಿಸದೆ ಬಿಟ್ಟುಬಿಡೋಣ ಅನಿಸುತ್ತದೆ. ‘ಅದೇನು ಧ್ಯಾನವೋ ನಿಮ್ಮದು’ ಅಂತ ಹೆಂಡತಿ ನಗುತ್ತಾಳೆ. ಧ್ಯಾನಕ್ಕೂ ತೆರಿಗೆಗೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಇದೆ, ಆದರೆ ಅಷ್ಟು ನೇರವಾದದ್ದಲ್ಲ. ಧ್ಯಾನ ಮಾಡುವವರು ನಗುನಗುತ್ತಾ ಟ್ಯಾಕ್ಸ್ ಕಟ್ಟುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ನಿಮ್ಮ ಉರಿಯ ವಿಷಯ. ಸಂಬಳದವರಿಗೆ ಸಾಮಾನ್ಯವಾಗಿ ಟ್ಯಾಕ್ಸ್ ಮುರಿದುಕೊಂಡೇ ಹಣ ಕೈಗೆ ಬರುತ್ತದೆ, ಹೋದದ್ದು ಒಂದು ಕಾಲಕ್ಕೆ ತಮ್ಮದಾಗಿತ್ತು ಅಂತ ಅನಿಸುವುದೇ ಇಲ್ಲ. ನಿಮಗಾದರೋ ಪೂರ್ತಿ ಹಣ ಖಾತೆಗೆ ಬಂದು, ನಿಮ್ಮದೇ ಆಗಿ, ತಿಂಗಳುಗಟ್ಟಲೆ ಅಲ್ಲೇ ಕೂತು, ಆಮೇಲೆ ನಿಮ್ಮ ಕೈಯಾರೆ ಹೋಗಬೇಕು. ಬಂದದ್ದರ ಖುಷಿಗಿಂತ ಕಳೆದುಕೊಂಡದ್ದರ ನೋವು ಜಾಸ್ತಿ ಅಂತ ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ರೀಫಂಡ್ ಬರಬೇಕಾದವರಿಗಿಂತ ಕೈಯಿಂದ ಕಟ್ಟಬೇಕಾದವರೇ ಲೆಕ್ಕ ಮುಚ್ಚಿಡುವುದು ಜಾಸ್ತಿ ಅಂತ ಆಮೇಲಿನ ಅಧ್ಯಯನಗಳೂ ತೋರಿಸಿವೆ.

ಮೈಂಡ್‌ಫುಲ್‌ನೆಸ್ ಕೆಲಸಕ್ಕೆ ಬರುವುದು ಇಲ್ಲೇ. ಫಾರ್ಮಿನಲ್ಲಿ ಒಟ್ಟು ಆದಾಯ ತುಂಬುವ ಕಾಲಂ ಬಂದಾಗ ಸುಮ್ನೆ ಒಮ್ಮೆ ನಿಮ್ಮನ್ನೇ ನೋಡಿಕೊಳ್ಳಿ. ದವಡೆ ಬಿಗಿದಿರುತ್ತದೆ, ಭುಜ ಮೇಲೇರಿರುತ್ತದೆ, ತಲೆಯೊಳಗೆ ‘ದೊಡ್ಡವರು ಕೋಟಿಗಟ್ಟಲೆ ನುಂಗುತ್ತಾರೆ, ನಾನೊಬ್ಬನೇ ಕಟ್ಟಬೇಕಾ’ ಅನ್ನುವ ವಾದ ರೆಡಿ ಇರುತ್ತದೆ. ಆ ವಾದ ಪೂರ್ತಿ ಸುಳ್ಳೇನಲ್ಲ ಬಿಡಿ. ಆದರೆ ಅದು ಬಂದದ್ದು ಯಾವಾಗ? ಕಟ್ಟಬೇಕಾದ ಮೊತ್ತ ಕಂಡ ಮೇಲೆ, ಅಲ್ವಾ? ಉರಿ ಮೊದಲು ಹುಟ್ಟಿತು, ನ್ಯಾಯದ ಮಾತು ಅದರ ಬೆನ್ನಿಗೆ ಬಂತು. ಇದು ಆ ಹೊತ್ತಿಗೇ ಕಂಡರೆ ಉರಿ ಆರದಿದ್ದರೂ ಕೈ ಸ್ವಲ್ಪ ತಡೆಯುತ್ತದೆ. ಧ್ಯಾನದಿಂದ ನಾನು ನಿರೀಕ್ಷಿಸುವುದು ಇಷ್ಟೇ.

ಈಗ ಧ್ಯಾನ ಕಲಿಸುವವರು ಅಷ್ಟಾಗಿ ಹೇಳದ ಮಾತು. ಸಂಶೋಧಕ ಆಂಡ್ರ್ಯೂ ಹಾಫೆನ್‌ಬ್ರ್ಯಾಕ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಉಸಿರಿನ ಮೇಲೆ ಗಮನ ಇಟ್ಟು ಕೂತವರಿಗೆ ‘ತಪ್ಪು ಮಾಡಿದೆ’ ಅನ್ನುವ ಚುಚ್ಚು ಕಡಿಮೆಯಾಯಿತು, ಅದರ ಜೊತೆಗೇ ಆ ತಪ್ಪನ್ನು ಸರಿಮಾಡುವ ಮನಸ್ಸೂ ಕಡಿಮೆಯಾಯಿತು! ಬೇರೆಯವರ ಒಳಿತನ್ನು ನೆನೆಯುವ ಮೈತ್ರಿ ಧ್ಯಾನ ಮಾಡಿದವರಲ್ಲಿ ಆ ಮನಸ್ಸು ಅದಕ್ಕಿಂತ ಜಾಸ್ತಿ ಇತ್ತು. ಆ ಪ್ರಯೋಗಗಳು ತೆರಿಗೆಯ ಬಗ್ಗೆ ಅಲ್ಲ, ನಿಜ. ಆದರೂ ನೀವು ರಾತ್ರಿ ಎರಡು ಪೇಮೆಂಟ್ ನುಂಗಿ, ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಹಗುರವಾಗಿ ಎದ್ದರೆ ಧ್ಯಾನ ಬರೀ ಕೈ ತೊಳೆಯುವ ಸೋಪಾಗಿಬಿಡುತ್ತದೆ. ಹಾಗಾಗಿ ಕೂರುವುದಿದ್ದರೆ ಫಾರ್ಮ್ ತುಂಬುವ ಮುಂಚೆ ಕೂರಿ.

ಇನ್ನೊಂದು ವಿಷಯ. 2007ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಕ್ಕೆ ಬಂದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹಸಿದವರಿಗೆ ಆಹಾರ ಕೊಡುವ ಸಂಸ್ಥೆಗೆ ತೆರಿಗೆಯ ಹಾಗೆ ಕಡ್ಡಾಯವಾಗಿ ಅವರ ಹಣ ಹೋದಾಗಲೂ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದವು. ತಾವಾಗಿ ಕೊಟ್ಟಾಗ ಇನ್ನೂ ಜಾಸ್ತಿ. ಹಣ ಎಲ್ಲಿಗೆ ಹೋಗುತ್ತಿದೆ ಅಂತ ಅವರಿಗೆ ಗೊತ್ತಿತ್ತು. ನಮಗೆ ಬಹಳ ಸಲ ಅದೇ ಗೊತ್ತಿರುವುದಿಲ್ಲ, ಅದು ಸರ್ಕಾರಗಳು ಉತ್ತರ ಕೊಡಬೇಕಾದ ಪ್ರಶ್ನೆ. ಅದಕ್ಕೂ ನಿಮ್ಮನ್ನೇ ಧ್ಯಾನಕ್ಕೆ ಕೂರಿಸಿದರೆ ಒಪ್ಪಬೇಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಪ್ರತಿ ಪೇಮೆಂಟ್ ಬಂದ ದಿನವೇ ಟ್ಯಾಕ್ಸಿನ ಪಾಲನ್ನು ಬೇರೆ ಖಾತೆಗೆ ಹಾಕಿಬಿಡಿ, ಅದು ನಿಮ್ಮದು ಅನಿಸುವುದಕ್ಕೇ ಬಿಡಬೇಡಿ. ಹಿಂದಿನ ವರ್ಷ ಏನಾದರೂ ಬಿಟ್ಟಿದ್ದರೆ, ತಿದ್ದಿ ಮತ್ತೆ ಸಲ್ಲಿಸಲು ಇನ್ನೂ ಗಡುವು ಇದೆಯಾ ಅಂತ ಆಡಿಟರನ್ನು ಈ ವಾರವೇ ಕೇಳಿ.