ಚಳಿಗಾಲದ ಫೇರ್‌ವೇಗೆ ಮ್ಯಾಟ್ ಏಕೆ ಬೇಕು?

ಗಾಲ್ಫ್ ಅಂಗಳದ ಹುಲ್ಲಿನ ಆರೈಕೆಯ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಎತ್ತಿವೆ: ಬ್ರಿಟನ್ನಿನ ಕ್ಲಬ್‌ಗಳು ಚಳಿಗಾಲದಲ್ಲಿ ಆಟಗಾರರ ಕೈಗೆ ಕೊಡುವ ಕೃತಕ ಹುಲ್ಲಿನ ಪುಟ್ಟ ಮ್ಯಾಟ್. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ಕೆಲಸದ ನಿಮಿತ್ತ ಸ್ಕಾಟ್ಲೆಂಡಿನ ಡಂಡೀಯಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಸಮುದ್ರ ತೀರದ ಒಂದು ಲಿಂಕ್ಸ್ ಕ್ಲಬ್ ಸೇರಿದೆ. ನವೆಂಬರ್ ಬಂದ ಕೂಡಲೇ ಫೇರ್‌ವೇಯಲ್ಲಿ (ಆಟದ ದಾರಿಯುದ್ದಕ್ಕೂ ಗಿಡ್ಡಗೆ ಕತ್ತರಿಸಿದ ಹುಲ್ಲಿನ ಪಟ್ಟಿ) ಚೆಂಡನ್ನು ಮ್ಯಾಟ್ ಮೇಲಿಟ್ಟೇ ಹೊಡೆಯಬೇಕು ಎಂದು ಕಟ್ಟುಪಾಡು ಮಾಡಿದರು. ವರ್ಷದ ಚಂದಾ ಪೂರ್ತಿ ಕಟ್ಟಿದ್ದೇನೆ. ಏಟಿಗೆ ಡಿವಟ್ (ಹುಲ್ಲಿನ ಚಕ್ಕೆ) ಎದ್ದರೆ ತಪ್ಪದೆ ಮರಳಿ ಜೋಡಿಸುತ್ತೇನೆ. ಹಾಗಿದ್ದೂ ಇದೇಕೆ?

ಉತ್ತರ: ಡಿವಟ್ ಜೋಡಿಸುವ ನಿಮ್ಮ ಅಭ್ಯಾಸ ಒಳ್ಳೆಯದು, ಬೇಸಿಗೆಯಲ್ಲಿ ಖಂಡಿತ ಮುಂದುವರಿಸಿ. ಆದರೆ ಜೂನ್ ತಿಂಗಳಲ್ಲಿ ಫಲ ಕೊಡುವ ಆ ಕೆಲಸ ಡಿಸೆಂಬರ್‌ನಲ್ಲಿ ಫಲ ಕೊಡುವುದಿಲ್ಲ. ಮಣ್ಣಿನ ಉಷ್ಣಾಂಶ 5–6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಲ್ಲಿನ ಹುಲ್ಲುಗಳ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. ಹುಲ್ಲು ಸಾಯುವುದಿಲ್ಲ, ಹಸಿರಾಗಿಯೇ ಕಾಣುತ್ತದೆ. ಅದಕ್ಕೇ ಆಟಗಾರರಿಗೆ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಆದರೆ ಹೊಸ ಎಲೆಯೂ ಇಲ್ಲ, ಹೊಸ ಬೇರೂ ಇಲ್ಲ. ಜೊತೆಗೆ ಬೆಳಕಿನ ಕೊರತೆ ಬೇರೆ. ಡಿಸೆಂಬರ್ ಕೊನೆಯಲ್ಲಿ ನಿಮ್ಮ ಕಡೆ ಹಗಲು ಹೆಚ್ಚೆಂದರೆ 7 ಗಂಟೆ, ಅದೂ ಸೂರ್ಯ ದಿಗಂತದಿಂದ ಬಹಳ ಮೇಲೇರದ ಹಗಲು.

ಈಗ ಒಂದು ಡಿವಟ್‌ ಅನ್ನು ಹತ್ತಿರದಿಂದ ನೋಡೋಣ. ಐರನ್ ಎಂಬ ಗಾಲ್ಫ್ ಕೋಲಿನ ಏಟಿಗೆ ಅಂಗೈಯಗಲದ ಹುಲ್ಲಿನ ಚಕ್ಕೆ ಬೇರುಸಹಿತ ಕಿತ್ತು ಬರುತ್ತದೆ. ಲಿಂಕ್ಸ್ ನೆಲವೆಂದರೆ ಮರಳು. ಚಕ್ಕೆಯ ಅಡಿಯಲ್ಲಿ ಅಂಟಿನ ಮಣ್ಣಿಲ್ಲದ ಕಾರಣ ಅದು ಕೈಗೆತ್ತಿಕೊಳ್ಳುವ ಮೊದಲೇ ಎರಡು ಮೂರು ಚೂರಾಗಿರುತ್ತದೆ. ನೀವು ಅವನ್ನೆಲ್ಲ ಆಯ್ದು ಗುಳಿಯಲ್ಲಿ ಕೂರಿಸಿ ಮೆಟ್ಟುತ್ತೀರಿ. ಜೂನ್‌ನಲ್ಲಾದರೆ ಕೆಲವೇ ದಿನಗಳಲ್ಲಿ ಬೇರು ಕೆಳಗಿಳಿದು ಕಚ್ಚಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಬೇರು ಬಿಡುವುದೇ ಇಲ್ಲವಲ್ಲ! ಕಡಲ ಗಾಳಿಗೆ ಆ ಚೂರುಗಳು ಒಣಗುತ್ತವೆ. ಹುಲ್ಲಿನ ಬೇರು ತಿನ್ನುವ ಹುಳುಗಳನ್ನು ಹುಡುಕಿಕೊಂಡು ಬರುವ ಕಾಗೆಗಳು ಸಡಿಲವಾಗಿರುವ ಚಕ್ಕೆಯನ್ನು ಕೊಕ್ಕಿನಿಂದ ಮಗುಚಿ ಹಾಕುತ್ತವೆ. ಮರಳು ಮತ್ತು ಬೀಜ ಬೆರೆಸಿ ತುಂಬಿದರೂ ಬೀಜ ಮೊಳೆಯಲು ನೆಲ ಬೆಚ್ಚಗಾಗಬೇಕು. ಹೀಗೆ ನವೆಂಬರ್‌ನಲ್ಲಿ ಬಿದ್ದ ಗುಳಿ ಏಪ್ರಿಲ್‌ವರೆಗೆ ಬಾಯಿ ತೆರೆದುಕೊಂಡೇ ಇರುತ್ತದೆ.

ಡಿವಟ್‌ಗಳು ಫೇರ್‌ವೇ ತುಂಬ ಹರಡಿ ಬೀಳುವುದೂ ಇಲ್ಲ. ಮೊದಲ ಹೊಡೆತ ಬಂದು ನಿಲ್ಲುವ ಜಾಗ, ಗ್ರೀನ್‌ಗೆ (ಚೆಂಡು ಬೀಳಿಸುವ ಕುಳಿಯಿರುವ ನುಣುಪು ಹುಲ್ಲಿನ ಜಾಗ) ನೂರು, ನೂರೈವತ್ತು ಗಜ ದೂರದ ಪಟ್ಟಿ, ಇಲ್ಲೇ ಒತ್ತೊತ್ತಾಗಿ ಬೀಳುತ್ತವೆ. ಒಬ್ಬೊಬ್ಬರದೂ ಸಣ್ಣ ಗುಳಿಯೇ. ಆದರೆ ಎಲ್ಲ ಸದಸ್ಯರ ಐದು ತಿಂಗಳ ಗುಳಿಗಳು ಒಂದೇ ಪಟ್ಟಿಯಲ್ಲಿ ಬಿದ್ದರೆ ಮಾರ್ಚ್ ವೇಳೆಗೆ ಅಲ್ಲಿ ಹುಲ್ಲಿಗಿಂತ ಮರಳೇ ಹೆಚ್ಚು.

ನನ್ನಂಥವರನ್ನು ಇನ್ನೂ ಹೆಚ್ಚು ಕಾಡುವುದು ಅದರ ಮುಂದಿನ ಹಂತ. ಒಳ್ಳೆಯ ಲಿಂಕ್ಸ್ ನೆಲದಲ್ಲಿರುವುದು ಫೆಸ್ಕ್ಯೂ ಮತ್ತು ಬೆಂಟ್ ಜಾತಿಯ ಹುಲ್ಲು. ಎಲೆ ಸಪೂರ, ಬೇರು ಆಳ, ನೀರು ಗೊಬ್ಬರ ಕಡಿಮೆ ಸಾಕು. ಚೆಂಡು ನೆಲದ ಮೇಲೆ ಉರುಳುತ್ತಾ ಓಡುವ ಆ ಗಟ್ಟಿ ಫೇರ್‌ವೇ ಇವುಗಳ ಕೊಡುಗೆ. ಆದರೆ ಫೆಸ್ಕ್ಯೂ ಬೆಳೆಯುವುದು ನಿಧಾನ, ಪೆಟ್ಟು ತಿಂದರೆ ಚೇತರಿಸಿಕೊಳ್ಳುವುದು ಇನ್ನೂ ನಿಧಾನ. ನೆಲ ಬೋಳಾಗಿದ್ದರೆ ಅದಕ್ಕಿಂತ ಮೊದಲು ಅಲ್ಲಿ ನೆಲೆಯೂರುವುದು ಪೋವಾ ಆನ್ಯುವಾ ಎಂಬ ಕಳೆಹುಲ್ಲು. ಎಷ್ಟೇ ಗಿಡ್ಡಗೆ ಕತ್ತರಿಸಿದರೂ, ನೆಲಕ್ಕಂಟಿಕೊಂಡಿದ್ದರೂ ಬೀಜ ಬಿಡುವುದನ್ನು ನಿಲ್ಲಿಸದ ಹುಲ್ಲು ಅದು. ಬೇರು ಮೇಲ್ಮೈಯಲ್ಲೇ ಇರುವುದರಿಂದ ಬೇಸಿಗೆಯ ಒಣ ಹವೆ ತಾಳದು. ಚಳಿಗಾಲದಲ್ಲಿ ಫ್ಯುಸೇರಿಯಂ ಎಂದು ಗ್ರೀನ್‌ಕೀಪರ್‌ಗಳು (ಅಂಗಳದ ಹುಲ್ಲು ನೋಡಿಕೊಳ್ಳುವವರು) ಕರೆಯುವ ಶಿಲೀಂಧ್ರ ರೋಗಕ್ಕೆ ಸುಲಭದ ತುತ್ತು. ಆ ರೋಗಕ್ಕೆ ದಶಕಗಳಿಂದ ಬಳಕೆಯಲ್ಲಿದ್ದ ಐಪ್ರೊಡಯೋನ್ ಎಂಬ ಔಷಧಿಯ ಬಳಕೆ 2018ರಲ್ಲಿ ಬ್ರಿಟನ್‌ನಲ್ಲಿ ನಿಂತಿತು. ಔಷಧಿಯ ಬಲ ಕುಗ್ಗಿರುವಾಗ ಕಳೆಗೆ ಜಾಗವನ್ನೇ ಕೊಡದಿರುವುದು ಜಾಣತನ. ನಿಮ್ಮ ಕೈಯಲ್ಲಿರುವ ಮ್ಯಾಟ್ ಮಾಡುವುದು ಇದನ್ನೇ. ಅದು ಒಂದು ಡಿವಟ್ ತಡೆಯುವುದಷ್ಟೇ ಅಲ್ಲ, ಫೇರ್‌ವೇಯಲ್ಲಿ ಯಾವ ಜಾತಿಯ ಹುಲ್ಲು ಉಳಿಯಬೇಕು ಎಂಬುದನ್ನೂ ತೀರ್ಮಾನಿಸುತ್ತದೆ.

ಚಂದಾ ಕೊಟ್ಟಿದ್ದೇನೆ ಎಂದಿದ್ದೀರಿ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೀವು ಆಡುವ ಫೇರ್‌ವೇ ಚೆನ್ನಾಗಿರಬೇಕು ಎಂದಾದರೆ ಆ ಹಣದ ಬೆಲೆ ಉಳಿಯುವುದು ಈ ಐದು ತಿಂಗಳಲ್ಲೇ.

ಪ್ರಶ್ನೆ: ಮೈಸೂರಿನವನು ನಾನು. ಮಗಳು ಎಡಿನ್‌ಬರಾದಲ್ಲಿ ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ಅವಳನ್ನು ನೋಡಲು ಹೋಗುವಾಗ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಒಮ್ಮೆಯಾದರೂ ಆಡಬೇಕೆಂಬ ಆಸೆ. ಚಳಿಗಾಲದಲ್ಲಿ ಅಲ್ಲಿಯೂ ಮ್ಯಾಟ್ ಮೇಲೆ ಆಡಿಸುತ್ತಾರಂತೆ. ಅಷ್ಟು ದೂರ ಹೋಗಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡುವುದೇ?

ಉತ್ತರ: ದಯವಿಟ್ಟು ಆಡಿ ಬನ್ನಿ, ಬಿಡಬೇಡಿ. ಓಲ್ಡ್ ಕೋರ್ಸ್ ಯಾವುದೋ ಶ್ರೀಮಂತ ಕ್ಲಬ್‌ನ ಖಾಸಗಿ ಆಸ್ತಿಯಲ್ಲ, ಸಾರ್ವಜನಿಕ ಅಂಗಳ. 1974ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ರಚನೆಯಾದ ಲಿಂಕ್ಸ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. 2022ರಲ್ಲಿ ಓಪನ್ ಚಾಂಪಿಯನ್‌ಶಿಪ್‌ನ 150ನೇ ಪಂದ್ಯಾವಳಿ ನಡೆದದ್ದು ಅದೇ ನೆಲದಲ್ಲಿ. ಅಂಥ ಅಂಗಳದಲ್ಲಿ ಚಳಿಗಾಲದಲ್ಲೂ ಊರಿನವರು, ಪ್ರವಾಸಿಗರು ಎಲ್ಲರೂ ಆಡಲು ಸಾಧ್ಯವಾಗಿದ್ದರೆ ಅದರಲ್ಲಿ ಮ್ಯಾಟ್‌ನ ಪಾಲು ದೊಡ್ಡದು. ಇಲ್ಲದಿದ್ದರೆ ಇರುವ ದಾರಿ ಗೇಟಿಗೆ ಬೀಗ ಹಾಕುವುದು.

ಮ್ಯಾಟ್ ಬೇಕಾಗುವುದು ಫೇರ್‌ವೇಯ ಹೊಡೆತಗಳಿಗೆ ಮಾತ್ರ. ಬಂಕರ್ (ಮರಳಿನ ಹೊಂಡ), ರಫ್ (ಪಕ್ಕದ ಉದ್ದ ಹುಲ್ಲು), ಗ್ರೀನ್ ಎಲ್ಲವೂ ಇದ್ದಂತೆಯೇ ಇರುತ್ತವೆ. ಎರಡೆರಡು ಹೋಲ್‌ಗಳು (ಆಟದ ಒಂದೊಂದು ಹಂತ) ಹಂಚಿಕೊಂಡಿರುವ ಆ ಏಳು ವಿಶಾಲ ಗ್ರೀನ್‌ಗಳು, 14ನೇ ಹೋಲ್‌ನ ಹೆಲ್ ಬಂಕರ್, 17ನೆಯದಾದ ರೋಡ್ ಹೋಲ್, ನೆಲದ ಉಬ್ಬುತಗ್ಗು, ಗಾಳಿ, ಯಾವುದಕ್ಕೂ ಮ್ಯಾಟ್‌ನಿಂದ ಕುಂದಿಲ್ಲ. ಬೇಸಿಗೆಗಿಂತ ಶುಲ್ಕವೂ ಕಡಿಮೆ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿಕೊಳ್ಳಿ.

ಬಳಸುವ ರೀತಿ ಸರಳ. ಚೆಂಡಿನ ಜಾಗ ಗುರುತಿಸಿ ಎತ್ತಿಕೊಳ್ಳಿ, ಅಲ್ಲೇ ಮ್ಯಾಟ್ ಹಾಸಿ, ಮೇಲೆ ಚೆಂಡಿಟ್ಟು ಹೊಡೆಯಿರಿ. ಇಡುವ ಮೊದಲು ಪಾದದಿಂದ ಒಮ್ಮೆ ಅದುಮಿ ನೋಡಿ. ಒದ್ದೆ ಹುಲ್ಲಿನ ಮೇಲೆ ಅದು ಜಾರುತ್ತದೆ, ಅಂಚು ಎದ್ದಿದ್ದರೆ ಹೊಡೆಯುವ ಕ್ಲಬ್ (ಕೋಲು) ತಗುಲುತ್ತದೆ. ಚೆಂಡು ಮ್ಯಾಟ್‌ನ ಮುಂದಿನ ತುದಿಗಿಂತ ನಡುಭಾಗದಲ್ಲಿರಲಿ. ಒಂದು ಎಚ್ಚರಿಕೆ: ಚೆಂಡಿಗಿಂತ ಹಿಂದೆ ನೆಲಕ್ಕೆ ತಗುಲಿದರೆ ಹುಲ್ಲಿನಲ್ಲಾದರೆ ಹೊಡೆತ ಸತ್ತುಹೋಗುತ್ತದೆ, ಮ್ಯಾಟ್‌ನಲ್ಲಿ ಕ್ಲಬ್ ಪುಟಿದು ಚೆಂಡನ್ನು ಹೇಗೋ ಮುಂದೆ ತಳ್ಳುತ್ತದೆ. ತಪ್ಪು ಗೊತ್ತಾಗುವುದಿಲ್ಲ, ಮಣಿಕಟ್ಟಿಗೆ ಮಾತ್ರ ಪೆಟ್ಟು. ಆದ್ದರಿಂದ ಕೆಳಕ್ಕೆ ಬಡಿಯದೆ ಚೆಂಡನ್ನು ಮೇಲಿನಿಂದ ಗುಡಿಸಿಕೊಂಡು ಹೋಗುವಂತೆ ಹೊಡೆಯಿರಿ. ಮಣಿಕಟ್ಟಿನಲ್ಲಿ ಮೊದಲೇ ನೋವಿದ್ದರೆ ಐರನ್ ಬದಲು ಹೈಬ್ರಿಡ್ ಎಂಬ ಕೋಲು ಹಿಡಿಯುವುದು ಲೇಸು. ಗ್ರೀನ್ ಹತ್ತಿರ ಪಟರ್ ಕೋಲಿನಿಂದ ಚೆಂಡನ್ನು ಉರುಳಿಸುವುದಾದರೆ ಡಿವಟ್ ಏಳುವ ಪ್ರಶ್ನೆಯೇ ಇಲ್ಲ. ಹಲವು ಕ್ಲಬ್‌ಗಳು ಆಗ ಮ್ಯಾಟ್ ಕೇಳುವುದಿಲ್ಲ, ಸ್ಟಾರ್ಟರ್ (ಆಟ ಶುರುಮಾಡಿಸುವ ಸಿಬ್ಬಂದಿ) ಬಳಿ ಒಮ್ಮೆ ವಿಚಾರಿಸಿ. ಮ್ಯಾಟ್‌ಗೆ ದಾರವಿದ್ದರೆ ಬ್ಯಾಗಿಗೆ ಕಟ್ಟಿಕೊಳ್ಳಿ, ಹೊಡೆದ ಚೆಂಡಿನ ಹಿಂದೆ ನಡೆಯುವ ಭರದಲ್ಲಿ ಮ್ಯಾಟ್ ಹಿಂದೆಯೇ ಉಳಿದುಬಿಡುತ್ತದೆ.

ಪ್ರಶ್ನೆ: ಇಂಗ್ಲೆಂಡಿನ ಸರ್ರೆಯಲ್ಲಿ ನಮ್ಮ ಕ್ಲಬ್‌ನ ಅಂಗಳ ಸಮಿತಿಯಲ್ಲಿದ್ದೇನೆ. ನಮ್ಮದು ಜೇಡಿಮಣ್ಣಿನ ನೆಲ, ಮರಗಳ ನಡುವಿನ ಅಂಗಳ. ಮ್ಯಾಟ್ ಕಡ್ಡಾಯ ಮಾಡಬೇಕೆಂದು ಒಂದು ಗುಂಪು, ಚೆಂಡನ್ನು ಪಕ್ಕದ ಸೆಮಿ ರಫ್‌ಗೆ (ಫೇರ್‌ವೇ ಅಂಚಿನ ತುಸು ಉದ್ದ ಹುಲ್ಲು) ಸರಿಸಿ ಆಡಿದರೆ ಸಾಕೆಂದು ಇನ್ನೊಂದು ಗುಂಪು. ನಿಮ್ಮ ಸಲಹೆ?

ಉತ್ತರ: ಮೇಡಂ, ನಿಮ್ಮ ಅಂಗಳಕ್ಕೆ ಮ್ಯಾಟ್ ಕಡ್ಡಾಯ ಮಾಡುವುದನ್ನು ನಾನು ಒಪ್ಪುವುದಿಲ್ಲ. ಲಿಂಕ್ಸ್‌ನವರು ಮಾಡುತ್ತಾರೆ ಎಂಬುದು ಕಾರಣವಾಗಲಾರದು. ಅವರ ಶತ್ರು ಡಿವಟ್, ನಿಮ್ಮ ಶತ್ರು ನೀರು ಮತ್ತು ಕಾಲು. ಇಂಥ ಫೇರ್‌ವೇಗಳಲ್ಲಿ ರೈಗ್ರಾಸ್ ಎಂಬ ಹುಲ್ಲು ಹೆಚ್ಚಾಗಿದ್ದರೆ ವಸಂತ ಬಂದೊಡನೆ ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ನೀರು ಕುಡಿದ ಜೇಡಿಮಣ್ಣಿನ ಮೇಲೆ ದಿನವೂ ಜನ ನಡೆದು, ಟ್ರಾಲಿ ಎಳೆದು ಮಾಡುವ ಹಾನಿಯನ್ನು ಮ್ಯಾಟ್ ಕಿಂಚಿತ್ತೂ ತಡೆಯದು. ಮಣ್ಣಿನ ಕಣಗಳ ನಡುವಿನ ಗಾಳಿ ಹೊರಟುಹೋಗುತ್ತದೆ, ನೀರು ಇಂಗುವುದಿಲ್ಲ, ಬೇರು ಉಸಿರುಗಟ್ಟುತ್ತದೆ.

ನಿಮ್ಮ ಹಣ ಹೋಗಬೇಕಾದದ್ದು ನೀರು ಬಸಿಯುವ ಚರಂಡಿ ಕೆಲಸಕ್ಕೆ, ನೆಲಕ್ಕೆ ರಂಧ್ರ ಹೊಡೆಯುವ ಕೆಲಸಕ್ಕೆ, ಮೇಲೆ ಮರಳು ಹರಡುವುದಕ್ಕೆ. ಗ್ರೀನ್‌ನಿಂದ ಮುಂದಿನ ಟೀಗೆ (ಮೊದಲ ಹೊಡೆತದ ಜಾಗ) ಎಲ್ಲರೂ ಒಂದೇ ಜಾಡು ಹಿಡಿಯದಂತೆ ಹಗ್ಗ ಕಟ್ಟಿ, ವಾರಕ್ಕೊಮ್ಮೆ ಹಗ್ಗದ ಜಾಗ ಬದಲಿಸಿ. ಟ್ರಾಲಿ ಬದಲು ಬ್ಯಾಗ್ ಹೆಗಲಿಗೇರಿಸಿಕೊಳ್ಳುವಂತೆ ಸದಸ್ಯರನ್ನು ಕೇಳಿ. ಸೆಮಿ ರಫ್‌ಗೆ ಸರಿಸುವ ಉಪಾಯ ನಿಮಗೆ ಸಾಲುತ್ತದೆ, ಅಲ್ಲಿನ ಎಲೆ ಉದ್ದವಾಗಿರುವುದರಿಂದ ಏಟು ಕೊಂಚ ತಾಳಿಕೊಳ್ಳುತ್ತದೆ. ಒಂದೆರಡು ಹೋಲ್‌ಗಳಲ್ಲಿ ಗ್ರೀನ್‌ಗೆ ಸಮೀಪದ ಪಟ್ಟಿ ತೀರಾ ಹದಗೆಡುತ್ತಿದ್ದರೆ ಅಷ್ಟಕ್ಕೇ ಮ್ಯಾಟ್ ಇಡಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಬೆಳ್ಳಗಾದ ಬೆಳಿಗ್ಗೆ ಮ್ಯಾಟ್ ಇರಲಿ ಬಿಡಲಿ, ಯಾರನ್ನೂ ಹುಲ್ಲಿನ ಮೇಲೆ ಬಿಡಬೇಡಿ. ಎಲೆಯೊಳಗಿನ ನೀರು ಗಡ್ಡೆಕಟ್ಟಿರುವಾಗ ತುಳಿದರೆ ಜೀವಕೋಶಗಳು ಒಡೆಯುತ್ತವೆ, ಕೆಲವೇ ದಿನಗಳಲ್ಲಿ ಬೂಟಿನ ಅಚ್ಚು ಕಂದು ಬಣ್ಣದಲ್ಲಿ ಮೂಡುತ್ತದೆ. ಅದಕ್ಕಿಂತ ಕೆಟ್ಟ ಹೊತ್ತು ಬಿಸಿಲು ಬಂದ ಮೇಲಿನದು. ಮೇಲಿನ ಒಂದೆರಡು ಅಂಗುಲ ಕರಗಿ ಕೆಸರಾಗಿ, ಕೆಳಗೆ ಇನ್ನೂ ಗಟ್ಟಿಯಾಗಿಯೇ ಇದ್ದಾಗ ಕಾಲಿಟ್ಟರೆ ಮೇಲಿನ ಪದರ ಜಾರುತ್ತದೆ, ನಡುವೆ ಬೇರು ತುಂಡಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ. ಬಿಳುಪು ಹೋಯಿತಲ್ಲ, ಇನ್ನೇಕೆ ಮುಚ್ಚಿದ್ದೀರಿ ಎಂದು ಸದಸ್ಯರು ಜಗಳಕ್ಕೆ ನಿಲ್ಲುವುದೂ ಆಗಲೇ. ಆ ಒಂದೆರಡು ಗಂಟೆ ನಿಮ್ಮ ಗ್ರೀನ್‌ಕೀಪರ್ ಪರವಾಗಿ ಸಮಿತಿ ಗಟ್ಟಿಯಾಗಿ ನಿಲ್ಲಬೇಕು. ಕೊರೆಯುವ ಚಳಿಯಲ್ಲಿ ಬೆಳಗಿನ ಜಾವಕ್ಕೆ ಬಂದು ನೆಲ ಮುಟ್ಟಿ ನೋಡಿ ತೀರ್ಮಾನಿಸಿದವರು ಅವರು.

ಪ್ರಶ್ನೆ: ಕ್ಲಬ್ ಹೇಳದಿದ್ದರೂ ನಾನೇ ಒಂದು ಮ್ಯಾಟ್ ಕೊಂಡು ಬಳಸಬಹುದೇ?

ಉತ್ತರ: ಒಬ್ಬರೇ ಅಭ್ಯಾಸಕ್ಕೆ ಆಡುವಾಗ ಧಾರಾಳವಾಗಿ. ಸ್ಪರ್ಧೆಯಲ್ಲಿ ಬೇಡ. ಚೆಂಡು ನಿಂತಲ್ಲಿಂದ ಎತ್ತುವುದಕ್ಕೆ ನಿಯಮದ ಅನುಮತಿ ಬೇಕು, ಆ ಅನುಮತಿ ಸಿಗುವುದು ಸಮಿತಿ ಹೊರಡಿಸುವ ಸ್ಥಳೀಯ ನಿಯಮದಿಂದ. ಅದಿಲ್ಲದೆ ಎತ್ತಿದರೆ ದಂಡ ಬೀಳುತ್ತದೆ. ಆಡುವ ಮುನ್ನ ಸೂಚನಾ ಫಲಕ ಓದಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಆಡುವ ನಮಗೂ ಡಿಸೆಂಬರ್–ಜನವರಿಯಲ್ಲಿ ಫೇರ್‌ವೇ ಸ್ವಲ್ಪ ಮಂಕಾಗಿ ಕಾಣುತ್ತದೆ. ಇಲ್ಲಿಯೂ ಮ್ಯಾಟ್ ತಂದರೆ ಹೇಗೆ?

ಉತ್ತರ: ಅಗತ್ಯವಿಲ್ಲ. ನಮ್ಮ ಫೇರ್‌ವೇಗಳಲ್ಲಿರುವುದು ಬರ್ಮುಡಾ ಜಾತಿಯ ಹುಲ್ಲು, ಅಂದರೆ ಗಣಪತಿಗೆ ಏರಿಸುವ ಗರಿಕೆಯ ಕುಲ. ನೆಲದ ಮೇಲೆ ಬಳ್ಳಿ ಹಬ್ಬಿಸುತ್ತದೆ, ನೆಲದೊಳಗೂ ಕಾಂಡ ಚಾಚುತ್ತದೆ. ಡಿವಟ್ ಗುಳಿಯನ್ನು ಎರಡೂ ಕಡೆಯಿಂದ ತಾನೇ ಮುಚ್ಚಿಕೊಳ್ಳುವ ಶಕ್ತಿ ಅದಕ್ಕಿದೆ. ಸೆಕೆಯಲ್ಲಿ ಹುರುಪಾಗಿ ಬೆಳೆಯುವ ಈ ಹುಲ್ಲು ಜನವರಿಯ ತಂಪು ರಾತ್ರಿಗಳಲ್ಲಿ ನಿಧಾನಿಸುತ್ತದೆ, ಬಣ್ಣ ತುಸು ಇಳಿಯುತ್ತದೆ. ಆದರೂ ಹಗಲು ಹನ್ನೊಂದು ಗಂಟೆಗೂ ಹೆಚ್ಚಿರುವ, ಮಧ್ಯಾಹ್ನದ ಬಿಸಿಲು ಚುರುಕಾಗಿರುವ ನಮ್ಮ ಊರಿನಲ್ಲಿ ಬೆಳವಣಿಗೆ ಪೂರ್ತಿ ನಿಲ್ಲುವುದಿಲ್ಲ. ದೆಹಲಿಯ ಕಡೆ ಚಳಿ ಜೋರು, ಅಲ್ಲಿ ಬರ್ಮುಡಾ ಹುಲ್ಲು ಮಲಗಿಬಿಡುತ್ತದೆ. ಅಂಥಲ್ಲಿ ಮೇಲೆ ರೈಗ್ರಾಸ್ ಬಿತ್ತುವ ಪದ್ಧತಿಯುಂಟು.

ನಮ್ಮ ಅಂಗಳಗಳಿಗೆ ನಿಜವಾದ ಕಷ್ಟಕಾಲ ಮಳೆಗಾಲ. ಜುಲೈನಿಂದ ಅಕ್ಟೋಬರ್‌ವರೆಗೆ ನೆಲ ಮೆತ್ತಗಾಗಿ, ಮೋಡದಿಂದ ಬಿಸಿಲು ಕಡಿಮೆಯಾದಾಗ ಡಿವಟ್ ಆಳವಾಗಿ ಏಳುತ್ತದೆ. ಆಗ ಕೈಯಲ್ಲಿರಬೇಕಾದದ್ದು ಮರಳಿನ ಚೀಲ. ಗುಳಿಗೆ ಮರಳು ಸುರಿದು ಬೂಟಿನ ಅಡಿಯಿಂದ ಸಮ ಮಾಡಿ. ಸುತ್ತಲಿನ ನೆಲಕ್ಕಿಂತ ಒಂದು ಎಳೆ ತಗ್ಗಿನಲ್ಲೇ ನಿಲ್ಲಿಸಿ, ಎತ್ತರವಾದರೆ ಮರುದಿನ ಹುಲ್ಲು ಕತ್ತರಿಸುವ ಯಂತ್ರದ ಅಲಗು ಆ ಮರಳಿಗೆ ತಗುಲಿ ಮೊಂಡಾಗುತ್ತದೆ.