ಮಂಗಳೂರಲ್ಲಿ ರಸ್ತೆ ಬದಿಗೆ ಕಲ್ಲಿನ ಬೆಂಚೇ ಸರಿ

ಬಸ್ ಸ್ಟಾಪ್ ಪಕ್ಕ ಹಿರಿಯರಿಗಾಗಿ ಬೆಂಚ್ ಹಾಕಿಸ್ತಿದ್ದೇವೆ, ಸ್ಟೀಲ್ ಒಳ್ಳೆಯದಾ ಕಲ್ಲಾ ಅಂತ ಕೇಳಿದ್ದೀರಿ. ನನ್ನ ಓಟು ಕಲ್ಲಿಗೆ. ನಮ್ಮ ಕಡಲ ಗಾಳಿಯ ಉಪ್ಪು ಸಾಧಾರಣ ಸ್ಟೀಲನ್ನು ಬಿಡುವುದಿಲ್ಲ. ಪೇಟೆಯಲ್ಲಿ ಜಾಸ್ತಿ ಸಿಗುವ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ವೆಲ್ಡಿಂಗ್ ಇರುವಲ್ಲಿ ಕಂದು ಚುಕ್ಕೆ ಬರುತ್ತದೆ. ಸ್ಟೀಲೇ ಬೇಕಿದ್ದರೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಆದರೆ ದುಬಾರಿ.

ಕಲ್ಲಿನ ಬಾಳಿಕೆ ಬಗ್ಗೆ ಸಂಶಯವೇ ಬೇಡ. 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟ ಇಷ್ಟೂ ಮಳೆಗಾಲ ಬಯಲಲ್ಲೇ ನಿಂತಿದ್ದಾನಲ್ವಾ! ಕೂರುವ ಜಾಗ ಮಾತ್ರ ತುಸು ಇಳಿಜಾರಾಗಿರಲಿ, ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಂತು ಪಾಚಿ ಕಟ್ಟುತ್ತದೆ. ತೀರಾ ಪಾಲಿಶ್ ಮಾಡಿಸಬೇಡಿ, ಒದ್ದೆಯಾದರೆ ಜಾರುತ್ತದೆ.

ಇನ್ನು, ಹಿರಿಯರಿಗೆ ಅಂದಿರಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಎತ್ತರ ಸುಮಾರು 45 ಸೆಂಟಿಮೀಟರ್ ಇರಲಿ. ಬೆನ್ನಿಗೆ ಒರಗು, ಎರಡೂ ಬದಿ ಕೈಯಾಸರೆ ಬೇಕೇ ಬೇಕು. ಮಂಡಿನೋವಿನವರು ಕೂರುವುದು ಹೇಗೋ ಕೂರುತ್ತಾರೆ, ಏಳುವಾಗಲೇ ಕಷ್ಟ. ಅಂಗೈ ಊರಿ ಏಳಲು ಏನಾದರೂ ಇಲ್ಲದಿದ್ದರೆ ಅವರು ಆ ಬೆಂಚಿನ ಹತ್ತಿರವೇ ಬರುವುದಿಲ್ಲ. ಕೈಯಾಸರೆಗೆ ದುಡ್ಡು ಸಾಲದಿದ್ದರೆ ಎರಡು ಬೆಂಚಿನ ಬದಲು ಒಂದೇ ಹಾಕಿಸಿ.

ಬೆಂಚಿನ ಮುಂದೆ ನಡೆಯುವವರಿಗೆ 1.8 ಮೀಟರ್ ಜಾಗ ಉಳಿಯಬೇಕು, ಪಕ್ಕದಲ್ಲಿ ಒಂದು ಗಾಲಿಕುರ್ಚಿ ನಿಲ್ಲುವಷ್ಟು ಕೂಡ. ಪಡುವಣ ಬಿಸಿಲಿಗೆ ಕಲ್ಲು ಕಾದು ಸುಡುತ್ತದೆ, ಹಾಗಾಗಿ ಮರದ ನೆರಳು ಹುಡುಕಿ. ತೆಂಗಿನ ಮರದಡಿ ಮಾತ್ರ ಬೇಡವೇ ಬೇಡ. ಕೆಲಸ ಶುರು ಮಾಡುವ ಮೊದಲು ಪಾಲಿಕೆಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.